ಸಿ. ವಿ. ವಿಶ್ವೇಶ್ವರ: ಕಪ್ಪುಕುಳಿಯ ಕಂಪನ ಮತ್ತು ಗೋವಾ ಸಮ್ಮೇಳನ

ಸೈದ್ಧಾಂತಿಕ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ (6 ಮಾರ್ಚ್ 1938 – 16 ಜನವರಿ 2017) ಬೆಂಗಳೂರಿನವರು. ತಂದೆ ಸಾಹಿತಿ ಸಿ. ಕೆ. ವೆಂಕಟರಾಮಯ್ಯ. ಎಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯನವರೊಂದಿಗೆ ಗೊಂದಲ ಬೇಡ.

ಮೈಸೂರು ವಿಶ್ವವಿದ್ಯಾಲಯದ ಪದವಿಯ ನಂತರ ಅಮೆರಿಕಕ್ಕೆ ತೆರಳಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಪಡೆದರು. ಮುಖ್ಯವಾದುದು ಇವರ 1970ರ ಕೆಲಸ. ಭ್ರಮಣವಿಲ್ಲದ ಶ್ವಾರ್ಟ್ಸ್‌ಶಿಲ್ಡ್ ಕಪ್ಪುಕುಳಿ ಸ್ಥಿರವೆಂದು ತೋರಿಸಿದ್ದಲ್ಲದೆ, ಕದಡಿದ ಕಪ್ಪುಕುಳಿ ಹೊಡೆದ ಗಂಟೆಯ ನಾದದಂತೆ ಕ್ರಮೇಣ ಕ್ಷೀಣಿಸುವ ಗುರುತ್ವ ಅಲೆಗಳನ್ನು ಸೂಸುತ್ತದೆ ಎಂದು ಲೆಕ್ಕಹಾಕಿದರು. ಇವೇ ‘ಕ್ವಾಸಿನಾರ್ಮಲ್ ಮೋಡ್’ಗಳು. ಇವುಗಳ ಆವರ್ತನ, ಕ್ಷೀಣತೆ ಎರಡನ್ನೂ ಕಪ್ಪುಕುಳಿಯ ರಾಶಿ ಮತ್ತು ಭ್ರಮಣ ನಿರ್ಧರಿಸುತ್ತವೆ. ಗುರುತ್ವ ಅಲೆಗಳ ವೀಕ್ಷಣಾಲಯ ಲೈಗೋ 2015ರ ಸೆಪ್ಟೆಂಬರ್ 14ರಂದು ಹಿಡಿದ ಸಂಕೇತದ ಕೊನೆಯಲ್ಲಿ ಅಂಥದೇ ಕ್ಷೀಣಿಸುವ ಅಲೆ ಇತ್ತು. ಸಿದ್ಧಾಂತಿಯೊಬ್ಬರು ತಮ್ಮ ಲೆಕ್ಕ ನಿಜವಾದುದನ್ನು ಬದುಕಿದ್ದಾಗಲೇ ಕಾಣುವುದು ಅಪರೂಪ.

1987ರ ಡಿಸೆಂಬರ್‌ನಲ್ಲಿ ಗುರುತ್ವ ಮತ್ತು ವಿಶ್ವವಿಜ್ಞಾನದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ (ಐಸಿಜಿಸಿ) ಗೋವಾದಲ್ಲಿ ನಡೆಯಿತು. ಅದರ ಉಪನ್ಯಾಸ ಸಂಪುಟದ ಸಂಪಾದಕರಲ್ಲಿ ಖಭೌತವಿಜ್ಞಾನಿ ಜಯಂತ ನಾರಳೀಕರ್ ಜೊತೆ ವಿಶ್ವೇಶ್ವರರೂ ಒಬ್ಬರು. 2011ರಲ್ಲಿ ಸಮ್ಮೇಳನ ಮತ್ತೆ ಗೋವಾಕ್ಕೆ ಬಂತು.

ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಗಳಲ್ಲಿ ದುಡಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ (1989) ಸ್ಥಾಪಕ ನಿರ್ದೇಶಕರೂ ಇವರೇ.