ಕಾರಿನ ಹಿಂಬದಿಗೆ ಕಾಯಿಲ್‌ಓವರ್: ಹಾಕಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಪಂಪ್‌ಸೆಟ್, ಸ್ಪ್ರೇಯರ್, ಪಲ್ಪರ್ ಮೊದಲಾದ ಯಂತ್ರಗಳ ವಿಚಾರ ತಿಳಿಸುತ್ತ ಬಂದಿದ್ದೇವೆ. ಈ ಸಾರಿ ಕಾರಿನ ವಿಚಾರ. ನಮ್ಮ ಹಿರಿಯ ಸದಸ್ಯರೊಬ್ಬರ ಮಗ ಬೆಂಗಳೂರಿನ ಆರ್‌ಪಿಸಿ ಲೇಔಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದು ಕೆಲಸ ಮಾಡುತ್ತಿದ್ದಾನೆ. ಕಾರಿನ ನಾಲ್ಕೂ ಚಕ್ರಗಳಿಗೆ ಹೊರಗಿನ ಕಾಯಿಲ್‌ಓವರ್ ಹಾಕಿಸಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಎರಡು ಸಲ ಓಡಿಸಿ ಬಂದ. ಅದೇ ಕಾರಿನಲ್ಲಿ ಹಬ್ಬಕ್ಕೆ ಅಜ್ಜಿಯನ್ನು ಕೂರಿಸಿಕೊಂಡು ಊರಿಗೆ ಬರುವವನಿದ್ದ. ಹಿಂಬದಿಯಿಂದ ಟಕ್ ಟಕ್ ಸದ್ದು ಬರುತ್ತಿದೆ ಎಂದು ಕೇಳಿದ ತಂದೆಯವರು, ಬೆಂಗಳೂರಿಗೆ ಹೋಗಲಿದ್ದ ನಮಗೆ ಒಮ್ಮೆ ನೋಡಿ ಬನ್ನಿ ಎಂದರು. ಅಲ್ಲಿ ಕಂಡದ್ದನ್ನು ಎಲ್ಲ ಸದಸ್ಯರಿಗೂ ತಿಳಿಸುವುದು ಒಳಿತೆಂದು ಈ ಪಾಠ.

1. ಮೂಲ ರಚನೆ

ಕಾಯಿಲ್‌ಓವರ್ ಎಂದರೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಸುರುಳಿ ಸ್ಪ್ರಿಂಗ್ ಕೂರಿಸಿ, ಎತ್ತರವನ್ನು ಮರೆಯ ತಿರುವಿನಿಂದ ಹೆಚ್ಚು ಕಡಿಮೆ ಮಾಡುವಂತೆ ರಚಿಸಿದ ಜೋಡಣೆ. ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಕಂಪನಿಯೇ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಟ್ಟಿಗೆ ಕೂರಿಸಿರುತ್ತದೆ. ಆದ್ದರಿಂದ ಮುಂದೆ ತೊಂದರೆ ಕಡಿಮೆ. ಹಿಂಭಾಗ ಹಾಗಲ್ಲ. ಪೋಲೊ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಸ್ಪ್ರಿಂಗ್ ಮೇಲ್ತುದಿಯಲ್ಲಿ ಬಾಡಿಯ ಗಟ್ಟಿ ತೊಲೆಗೆ ಆನಿಕೊಂಡು ಕಾರಿನ ಭಾರ ಹೊರುತ್ತದೆ. ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ತಡೆಯುತ್ತದೆ, ಅಷ್ಟೆ.

2. ಭಾರ ಜಾಗ ಬದಲಿಸಿದರೆ

ನಮ್ಮ ಅಟ್ಟದ ಉದಾಹರಣೆಯನ್ನೇ ನೋಡೋಣ. ಅಡಿಕೆ ಮೂಟೆಯ ಭಾರ ಹೊರುವುದು ತೊಲೆ. ಹಂಚು ಹಿಡಿದಿಡುವುದು ರೀಪು. ರೀಪು ದುರ್ಬಲವೆಂದಲ್ಲ, ಅದರ ಕೆಲಸಕ್ಕೆ ಅದು ಸಾಕು. ಆದರೆ ಮೂಟೆಗಳನ್ನು ರೀಪಿಗೆ ತೂಗುಹಾಕಿದರೆ ಏನಾದೀತು? ಹಿಂದಿನ ಸ್ಪ್ರಿಂಗನ್ನು ತೆಗೆದು ಕಾಯಿಲ್‌ಓವರ್ ಹಾಕಿದಾಗ ನಡೆಯುವುದು ಇದೇ.

ಲೆಕ್ಕ ಹೀಗಿದೆ: ಜನರೂ ಸೇರಿ ಕಾರಿನ ತೂಕ 1,200 ಕಿಲೋ, ಅದರಲ್ಲಿ ಹಿಂಬದಿಗೆ ನೂರಕ್ಕೆ 40 ಎಂದಿಟ್ಟುಕೊಂಡರೆ 480 ಕಿಲೋ. ಒಂದೊಂದು ಚಕ್ರಕ್ಕೆ 240 ಕಿಲೋ, ಅಂದರೆ 50 ಕಿಲೋದ ಕಾಫಿ ಮೂಟೆ ಸುಮಾರು ಐದು. ಕಾರು ನಿಂತಿದ್ದರೂ ಈ ಭಾರ ತಪ್ಪದು. ಓಡುವಾಗ ಗುಂಡಿಗೆ ಬಿದ್ದರೆ, ಟ್ರ್ಯಾಕಿನ ಅಂಚಿನ ಕಟ್ಟೆಯ ಮೇಲೆ ಚಕ್ರ ಹತ್ತಿದರೆ, ಅದು ಎರಡು ಮೂರು ಪಟ್ಟಾಗಬಹುದು. ಇದೆಲ್ಲ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ತೆಳು ತಗಡಿಗೂ ಕೆಳಗಿನ ಒಂದೇ ಬೋಲ್ಟಿಗೂ ಬೀಳುತ್ತದೆ. ತಗಡು ಒಂದೇ ದಿನಕ್ಕೆ ಹರಿಯುವುದಿಲ್ಲ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದಂತೆ ದಣಿಯುತ್ತ ಬಂದು, ಬೋಲ್ಟಿನ ತೂತಿನ ಸುತ್ತ ಸೀಳುತ್ತದೆ.

ಆರ್‌ಪಿಸಿ ಲೇಔಟ್‌ನ ಮನೆಯ ಮುಂದೆ ಆ ಹುಡುಗನ ಕಾರಿನ ಡಿಕ್ಕಿಯ ಕಾರ್ಪೆಟ್ ಎತ್ತಿ, ಬ್ಯಾಟರಿ ಹಾಕಿ ನೋಡಿದೆವು. ಎಡಗಡೆಯ ಬೋಲ್ಟಿನ ಬಳಿ ಬಣ್ಣ ಕೂದಲೆಳೆಯಂತೆ ಬಿರಿದಿತ್ತು. ಬೆರಳಿಟ್ಟರೆ ಅಂಚು ತಾಕುತ್ತಿತ್ತು. ಸದ್ದು ಅಲ್ಲಿಯದೇ. ಅದೇ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿದಿದ್ದರೆ ಏನಾಗುತ್ತಿತ್ತೋ ಎಂದು ನಮಗೇ ಎದೆ ನಡುಗಿತು.

3. ಹಾರೆಯ ಲೆಕ್ಕ

ಎರಡನೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹಾರೆಯ ತುದಿ ಹಿಡಿದರೆ ಕಲ್ಲು ಸುಲಭವಾಗಿ ಏಳುತ್ತದೆ, ನಡುವೆ ಹಿಡಿದರೆ ಏಳದು. ಚಕ್ರದ ತೋಳಿನಲ್ಲಿಯೂ ಹಾಗೆಯೇ. ತೋಳಿನ ನಡುಮಧ್ಯದಲ್ಲಿದ್ದ ಸ್ಪ್ರಿಂಗನ್ನೇ ಚಕ್ರದ ನೇರಕ್ಕೆ ತಂದರೆ, ಚಕ್ರಕ್ಕೆ ಅದು ನಾಲ್ಕು ಪಟ್ಟು ಗಡುಸಾಗುತ್ತದೆ. ಇದನ್ನು ಎಣಿಸದೆ ಸ್ಪ್ರಿಂಗ್ ಆರಿಸಿದರೆ ಹಿಂಬದಿ ವಿಪರೀತ ಬಿಗಿಯಾಗಿ, ತಿರುವಿನಲ್ಲಿ ಹಿಂದಿನ ಟೈರುಗಳ ಹಿಡಿತ ತಪ್ಪುತ್ತದೆ. ಆಗ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಬಾಲ ತಿರುಗಿ ಕಾರು ಸುತ್ತುತ್ತದೆ. ಟ್ರ್ಯಾಕಿನಲ್ಲಿ ಪಕ್ಕಕ್ಕೆ ಬಯಲಿರುತ್ತದೆ. ನಮ್ಮ ಘಾಟಿಯಲ್ಲಿ ಪಕ್ಕಕ್ಕೆ ಇರುವುದು ಪ್ರಪಾತ.

4. ತೀರ ತಗ್ಗಿಸಿದರೆ

ಕಾರು ತಗ್ಗಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ. ತಡೆ ರಬ್ಬರಿಗೆ ಬಡಿದೊಡನೆ ಸ್ಪ್ರಿಂಗ್ ಇಲ್ಲದಂತೆಯೇ ಆಗುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲವಾಗಿ ಕುಳಿತ ಜಾಗದಿಂದ ಜರುಗುವುದೂ ಉಂಟು. ಮಲೆನಾಡಿನ ಮಳೆ, ಕೆಸರಿಗೆ ಮರೆಗಳು ತುಕ್ಕು ಹಿಡಿದರೆ ಎತ್ತರ ಸರಿಪಡಿಸಲೂ ಬರುವುದಿಲ್ಲ.

5. ರೇಸಿನವರು ಹಾಕುವುದಿಲ್ಲವೇ?

ಹಾಕುತ್ತಾರೆ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ‍್ಯಾಲಿ ಕಾರುಗಳು ಹಾರಿ ಬೀಳುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆದರೆ ಅಂಥ ಕಾರಿನೊಳಗೆ ಕೊಳವೆಗಳ ಪಂಜರ ಬೆಸೆದು, ಸಸ್ಪೆನ್ಷನ್ನಿನ ಮೇಲ್ತುದಿಗಳನ್ನು ಅದಕ್ಕೆ ಸೇರಿಸಿ ಬಲಪಡಿಸಿರುತ್ತಾರೆ. ಪ್ರತಿ ಸ್ಪರ್ಧೆಗೆ ಮುನ್ನ ತಪಾಸಣೆಯೂ ಇರುತ್ತದೆ. ರೀಪಿನ ಜಾಗಕ್ಕೆ ಅವರು ತೊಲೆಯನ್ನೇ ತಂದಿರುತ್ತಾರೆ. ಅದನ್ನು ಬಿಟ್ಟು ಸ್ಪ್ರಿಂಗ್ ಒಂದನ್ನೇ ಅನುಕರಿಸಿದರೆ ಅಪಾಯ ತಪ್ಪದು.

6. ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿಯ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒತ್ತಿ ಹೇಳಿತು. ಆದ್ದರಿಂದ ಯಾವುದೇ ಬದಲಾವಣೆಗೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಖಾಸಗಿ ಕಾರಿನ ಸಾಮಾನ್ಯ ವಿಮೆ ರೇಸು, ವೇಗಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿ.

7. ಮಾಡಬೇಕಾದದ್ದು

(ಅ) ಹಿಂಬದಿಯಲ್ಲಿ ಸ್ಪ್ರಿಂಗ್ ತನ್ನ ಮೂಲ ಜಾಗದಲ್ಲೇ ಉಳಿಯುವ ಕಿಟ್ಟನ್ನೇ ಆರಿಸಿ.
(ಆ) ಈಗಾಗಲೇ ಕಾಯಿಲ್‌ಓವರ್ ಇದ್ದರೆ, ಕಾರ್ಪೆಟ್ ಎತ್ತಿ ಬೋಲ್ಟಿನ ಸುತ್ತ ಬಿರುಕು, ತುಕ್ಕಿನ ಗೆರೆ, ಉಬ್ಬು ಇದೆಯೇ ನೋಡಿ. ಟ್ರ್ಯಾಕಿಗೆ ಹೋಗಿ ಬಂದಾಗಲೆಲ್ಲ ತಪ್ಪದೆ ನೋಡಿ.
(ಇ) ನಟ್ಟು ಬೋಲ್ಟಿಗೆ ಅಡ್ಡಲಾಗಿ ಬಣ್ಣದ ಗೆರೆ ಎಳೆಯಿರಿ. ಗೆರೆ ತಪ್ಪಿದರೆ ನಟ್ಟು ಸಡಿಲಿದೆ ಎಂದರ್ಥ.
(ಈ) ಬಿರುಕು ಕಂಡರೆ ಕಾರನ್ನು ಓಡಿಸಬೇಡಿ. ಮೇಲೊಂದು ವೆಲ್ಡಿಂಗ್ ಮಾಡಿಸಿ ಸಮಾಧಾನಪಡಬೇಡಿ. ಸ್ಪ್ರಿಂಗನ್ನು ಮೂಲ ಜಾಗಕ್ಕೆ ತಂದು, ತಗಡನ್ನು ಬಾಡಿ ಕೆಲಸ ಬಲ್ಲವರಿಂದ ಸರಿಪಡಿಸಿ.
(ಉ) ಕಂಪನಿಯ ಹಳೆಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರುಗಳನ್ನು ಗುಜರಿಗೆ ಹಾಕಬೇಡಿ.

ಆ ಹುಡುಗ ಹಳೆಯ ಭಾಗಗಳನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದ. ಅದೇ ಅವನ ಪುಣ್ಯ. ಕಾರನ್ನು ಅಲ್ಲಿಂದ ಎಳೆಸಿಕೊಂಡು ಹೋಗಿ ರಿಪೇರಿ ಮಾಡಿಸಿದ. ಹಬ್ಬಕ್ಕೆ ಬಸ್ಸಿನಲ್ಲಿ ಅಜ್ಜಿಯೊಡನೆ ಊರಿಗೆ ಬಂದ. ಮಕ್ಕಳ ಹವ್ಯಾಸಕ್ಕೆ ಅಡ್ಡ ಬರಬೇಕೆಂದು ನಾವು ಹೇಳುತ್ತಿಲ್ಲ. ಭಾರ ಯಾವುದರ ಮೇಲೆ ಬೀಳುತ್ತದೆ ಎಂದು ಕೇಳಿ ತಿಳಿದ ಮೇಲೆ ಹಣ ಕೊಡಿರೆಂದು ಸದಸ್ಯರಲ್ಲಿ ನಮ್ಮ ವಿನಂತಿ.