ಕಲ್ಯಾಣದ ಮತ್ಸ್ಯವಿನೋದವೂ ನಿಂಫ್ ಗಾಳವೂ

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸವೆಂಬ ಮಾತು ನಮ್ಮ ಚಿಟಗುಪ್ಪದ ಕಡೆ ಕೇಳಿಬರುವುದುಂಟು. ಆದರೆ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸುಮಾರು 35 ಬಗೆಯ ಮೀನುಗಳ ವಿಚಾರ, ಅವುಗಳಿಗೆ ಹಾಕುವ ಆಹಾರ, ಹಿಡಿಯುವ ಕ್ರಮ ಅಲ್ಲಿವೆ. 1951ರಲ್ಲಿ ಆ ಅಧ್ಯಾಯವನ್ನು ಕುರಿತು ವಿಸ್ತಾರವಾಗಿ ಬರೆದ ಸುಂದರಲಾಲ್ ಹೋರಾ ಅವರು ಪ್ರಾಣಿಶಾಸ್ತ್ರಜ್ಞರು. ಮೀನನ್ನು ಬಲ್ಲವರಿಗೆ ಮಾತ್ರವೇ ಆ ಶ್ಲೋಕಗಳು ಪೂರ್ತಿ ತೆರೆದುಕೊಳ್ಳುತ್ತವೆಂದು ನನಗೆ ತೋರುತ್ತದೆ.

ಮೀನು ಏನನ್ನು, ಎಲ್ಲಿ ತಿನ್ನುತ್ತದೆ? ಗಾಳದ ವಿದ್ಯೆಯೆಲ್ಲ ಈ ಪ್ರಶ್ನೆಯಲ್ಲಿದೆ. ಇಂಗ್ಲೆಂಡಿನಲ್ಲಿ ನೀರ ಮೇಲೆ ತೇಲುವ ಕೃತಕ ನೊಣದಿಂದಲೇ ಟ್ರೌಟ್ ಹಿಡಿಯಬೇಕೆಂದು ಹಟ ಹಿಡಿದ ಒಂದು ಪಂಥವಿತ್ತು. ಸ್ಕ್ಯೂಸ್ ಎಂಬ ವಕೀಲನು 1910ರ ತನ್ನ ಪುಸ್ತಕದಲ್ಲಿ ಅದನ್ನು ಎದುರಿಸಿ, ನೀರೊಳಗೆ ಮುಳುಗುವ ಕೃತಕ ಹುಳುವಿನ ಪರವಾಗಿ ವಾದಿಸಿದನು. ಕೆಲವು ಕೀಟಗಳು ರೆಕ್ಕೆ ಮೂಡುವ ಮುನ್ನ ನೀರಿನಲ್ಲಿ ಕಲ್ಲು, ಪಾಚಿಗಳ ನಡುವೆ ಬಾಳುತ್ತವೆ. ಆ ಹಂತದ ಹುಳುವೇ ನಿಂಫ್. ನಮ್ಮ ಕೆರೆಗಳ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಯ ಬಾಲ್ಯವೂ ಹೀಗೆಯೇ.

ನಿಂಫ್ ಗಾಳವನ್ನು ಹೂಡುವುದು ಹೀಗೆ: ಕೋಲಿನಿಂದ ಬರುವ ದಪ್ಪ ದಾರಕ್ಕೆ ತುದಿಯತ್ತ ಸಣ್ಣಗಾಗುವ ನೈಲಾನ್ ಎಳೆಯನ್ನೂ, ಅದರ ಕೊನೆಗೆ ಇನ್ನೂ ತೆಳುವಾದ ಎಳೆಯನ್ನೂ ಕಟ್ಟಬೇಕು. ಗಾಳ ಕಲ್ಲಿಗೆ ಸಿಕ್ಕಿದರೆ ಆ ತೆಳು ಎಳೆಯಷ್ಟೇ ಹರಿದು ಉಳಿದದ್ದು ಕೈಗೆ ಬರುತ್ತದೆ. ಗಂಟನ್ನು ಬಿಗಿಯುವ ಮುನ್ನ ಒದ್ದೆ ಮಾಡಬೇಕು. ಒಣಗಂಟು ಉಜ್ಜಿ ಬಿಸಿಯಾದರೆ ನೈಲಾನ್ ಸೋಲುತ್ತದೆ. ಕೃತಕ ನಿಂಫಿನಿಂದ ಸುಮಾರು ಗೇಣು ಮೇಲೆ ಚಿಕ್ಕ ಭಾರದ ಗುಂಡು. ಅದರಿಂದ ಮೇಲಕ್ಕೆ, ನೀರಿನ ಆಳದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ತೇಲುಬೆಂಡು. ಒಂದೂವರೆ ಪಟ್ಟೇಕೆ? ಹರಿವಿನಲ್ಲಿ ದಾರ ನೆಟ್ಟಗೆ ನಿಲ್ಲದೆ ಓರೆಯಾಗುತ್ತದೆ. ನದಿಯ ಮೇಲ್ಪದರವು ತಳಕ್ಕಿಂತ ವೇಗವಾಗಿ ಹರಿಯುವುದರಿಂದ ಬೆಂಡು ಹುಳುವನ್ನು ಎಳೆದೊಯ್ಯುತ್ತದೆ. ಎಳೆತಕ್ಕೆ ಸಿಕ್ಕಿದ ಹುಳುವನ್ನು ಮೀನು ನಂಬದು. ಆದ್ದರಿಂದ ದಾರವನ್ನು ಆಗಾಗ ಹರಿವಿನ ಮೇಲ್ಗಡೆಗೆ ಎತ್ತಿ ಹಾಕುತ್ತಿರಬೇಕು. ಇದೊಂದು ಅಭ್ಯಾಸಕ್ಕೆ ದಿನಗಳೇ ಬೇಕು.

ಟ್ರೌಟ್ ತಣ್ಣೀರಿನ ಮೀನು, ನಮ್ಮ ಬೀದರ ಜಿಲ್ಲೆಯ ಬಿಸಿಲಿಗೆ ಬಾಳದು. ಆದರೆ ಲೆಕ್ಕ ಇಲ್ಲಿಯೂ ಅದೇ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಕಾರಂಜಾ ಜಲಾಶಯದಂಥ ನಿಂತ ನೀರಿನಲ್ಲಿ ಓರೆಯ ಲೆಕ್ಕ ಬೇಕಿಲ್ಲ. ನವಿಲುಗರಿಯ ದಂಟಿನ ಬೆಂಡನ್ನು ಮೇಲೆ ಕೆಳಗೆ ಸರಿಸುವುದೆಂದರೆ ಯಾವ ಮೀನೆಂದು ಆರಿಸುವುದೇ ಆಯಿತು. ಅರಸನಿಗೆ ಇದು ವಿನೋದವಾಗಿತ್ತು, ಬೆಸ್ತರಿಗೆ ಅನ್ನ. ಅರಸನ ವಿನೋದ ಬರೋಡೆಯಲ್ಲಿ ಅಚ್ಚಾಯಿತು. ಬೆಸ್ತರ ಬೆರಳುಗಳ ಲೆಕ್ಕವನ್ನು ಯಾವ ಪದವಿ ತರಗತಿಯೂ ನಮ್ಮಿಂದ ಕೇಳಿಲ್ಲ. ನಮ್ಮಲ್ಲಿ ಯಾರಾದರೊಬ್ಬರು ಮಾನಸೋಲ್ಲಾಸವನ್ನು ಕೈಯಲ್ಲಿ ಹಿಡಿದು ಅವರ ಪಕ್ಕ ಕೂತು ಬರೆದುಕೊಳ್ಳಬಾರದೇಕೆ?

ಬೆಂಡು ಮುಳುಗಿದಾಗ ಮಾತ್ರ ಮೀನು ಕಚ್ಚಿತೆಂದು ಹೊಸಬರು ಕಾಯುತ್ತಾರೆ. ತಳದ ಮೀನು ಹುಳುವಿನೊಡನೆ ಗುಂಡನ್ನೂ ಎತ್ತಿಕೊಂಡರೆ ಭಾರ ತಪ್ಪಿದ ಬೆಂಡು ಮುಳುಗುವುದಿಲ್ಲ. ಮೇಲಕ್ಕೆದ್ದು ನೀರ ಮೇಲೆ ಅಡ್ಡ ಮಲಗುತ್ತದೆ. ಕೋಲನ್ನು ಎತ್ತಬೇಕಾದದ್ದು ಆಗಲೇ.