ಕ್ಯಾಪ್‌ಗೆ ಮುನ್ನ ಒಸಡಿಗೆ ಲೇಸರ್: ದಂತವೈದ್ಯರಿಗೆ ಯಶಸ್ಸಿನ ಸೂತ್ರಗಳು

ಅಳತೆಯಲ್ಲಿ ಹಲ್ಲಿನ ಅಂಚು ಸ್ಪಷ್ಟವಾಗಿ ಮೂಡದಿದ್ದರೆ ಲ್ಯಾಬ್‌ನವರು ಊಹೆಯ ಮೇಲೆ ಕ್ಯಾಪ್ ಮಾಡಬೇಕಾಗುತ್ತದೆ. ಅಂಚನ್ನು ಮುಚ್ಚಿದ ಒಸಡನ್ನು ಡಯೋಡ್ ಲೇಸರ್ ಕೆಲವೇ ನಿಮಿಷಗಳಲ್ಲಿ ಸರಿಸಿಕೊಡುತ್ತದೆ, ರಕ್ತವನ್ನೂ ತಡೆಯುತ್ತದೆ. ಬಳಸುವ ಕ್ರಮ ಮಾತ್ರ ಗೊತ್ತಿರಬೇಕು.

1. ಮೊದಲು ಪ್ರೋಬ್, ಆಮೇಲೆ ಲೇಸರ್. ಮರಗಟ್ಟಿಸಿದ ಮೇಲೆ ಪ್ರೋಬನ್ನು ಮೂಳೆ ತಾಗುವವರೆಗೆ ಇಳಿಸಿ ನೋಡಿ. ಕ್ಯಾಪಿನ ಅಂಚಿಗೂ ಮೂಳೆಗೂ ನಡುವೆ ಸುಮಾರು 3 ಮಿ.ಮೀ. ಉಳಿಯಬೇಕು. ಮೂಳೆಯ ಮೇಲೆ ಒಸಡು ಹಲ್ಲಿಗೆ ಅಂಟಿಕೊಂಡಿರುವ ಪಟ್ಟಿಯ ಸರಾಸರಿ ಎತ್ತರ 2.04 ಮಿ.ಮೀ. ಎಂದು ಗಾರ್ಗಿಯುಲೊ ಮತ್ತು ಸಂಗಡಿಗರು 1961ರಲ್ಲೇ ತೋರಿಸಿದ್ದಾರೆ. ಕ್ಯಾಪ್ ಆ ಪಟ್ಟಿಯೊಳಗೆ ನುಗ್ಗಿದರೆ ಎಷ್ಟು ಉಜ್ಜಿದರೂ ಒಸಡಿನ ಊತ ಇಳಿಯುವುದಿಲ್ಲ. ಕೆಲವರಲ್ಲಿ ಮೂಳೆಯೂ ಕರಗುತ್ತದೆ. ಜಾಗ ಸಾಲದ ಕಡೆ ಡಯೋಡ್ ಕೆಳಗಿಡಿ. ಅಲ್ಲಿ ಮೂಳೆಯನ್ನೂ ತಗ್ಗಿಸುವ ಕ್ರೌನ್ ಲೆಂಗ್ತನಿಂಗ್ ಬೇಕು. ಉಳಿದೆಲ್ಲ ಸೂತ್ರ ಮರೆತರೂ ಇದನ್ನು ಮರೆಯಬೇಡಿ.

2. ಊದಿದ ಒಸಡಿಗೆ ಅವಸರ ಬೇಡ. ಕ್ಲೀನಿಂಗ್ ಮಾಡಿ, ಅಂಚು ಸರಿಯಾಗಿ ಕೂತ ತಾತ್ಕಾಲಿಕ ಕ್ಯಾಪ್ ಹಾಕಿ, ಕಾಯಿರಿ.

3. ಕಪ್ಪು ಒಸಡಿಗೆ ಕಡಿಮೆ ವ್ಯಾಟ್. ಡಯೋಡ್‌ನ 810ರಿಂದ 980 ನ್ಯಾನೊಮೀಟರ್ ಬೆಳಕನ್ನು ಮೆಲನಿನ್ ಮತ್ತು ಹಿಮೊಗ್ಲೋಬಿನ್ ಚೆನ್ನಾಗಿ ಹೀರುತ್ತವೆ. ನಮ್ಮಲ್ಲಿ ಬಹಳ ಜನರ ಒಸಡಿನಲ್ಲಿ ಮೆಲನಿನ್ ಹೆಚ್ಚು. ಯಂತ್ರದಲ್ಲಿ ಮೊದಲೇ ಇರುವ ಸೆಟ್ಟಿಂಗನ್ನು ಕಣ್ಣುಮುಚ್ಚಿ ಒತ್ತಬೇಡಿ. ತಯಾರಕರು ಹೇಳಿದ ಮಿತಿಯೊಳಗೆ ಕೆಳಗಿನಿಂದ ಶುರುಮಾಡಿ, ಕೆಲಸ ಸಾಗದಿದ್ದರಷ್ಟೇ ಏರಿಸಿ. ಒಸಡು ಕರಕಲಾಗುತ್ತಿದೆ ಎಂದರೆ ಶಾಖ ಮೀರಿದೆ.

4. ಕೈ ಒಂದೇ ಕಡೆ ನಿಲ್ಲಬಾರದು. ಟಿಪ್ಪನ್ನು ಬೇರಿನತ್ತ ತಿರುಗಿಸದೆ ಹಗುರವಾಗಿ, ಚಿಕ್ಕ ಚಿಕ್ಕ ಎಳೆತದಲ್ಲಿ ಸಾಗಿ. ಅಂಟಿದ ಚೂರುಗಳನ್ನು ಒದ್ದೆ ಗಾಜ್‌ನಲ್ಲಿ ಆಗಾಗ ಒರೆಸಿ.

5. ಮುಂಭಾಗದ ಹಲ್ಲು, ತೆಳು ಒಸಡು ಎರಡೂ ಕೂಡಿದಲ್ಲಿ ಲೇಸರ್‌ಗಿಂತ ಒಸಡು ಸರಿಸುವ ದಾರವೇ (ರಿಟ್ರಾಕ್ಷನ್ ಕಾರ್ಡ್) ಲೇಸು. ಲೇಸರ್ ತೆಗೆದ ಒಸಡು ಪೂರ್ತಿ ಮರಳುವ ಖಾತರಿಯಿಲ್ಲ. ನಕ್ಕಾಗ ಕ್ಯಾಪಿನ ಅಂಚು ಕಂಡರೆ ರೋಗಿಗೆ ಅದು ದಿನವೂ ಕನ್ನಡಿಯಲ್ಲಿ ಕಾಣುವ ನೋವು.

6. ಕೋಣೆಯಲ್ಲಿರುವ ಎಲ್ಲರಿಗೂ, ರೋಗಿಗೂ ಸೇರಿ, ನಿಮ್ಮ ಲೇಸರ್‌ನ ತರಂಗಾಂತರಕ್ಕೇ ಮಾಡಿದ ಕನ್ನಡಕ ಹಾಕಿ. ಹೊಗೆ ಎಳೆಯಲು ಸಕ್ಷನ್ ಹತ್ತಿರವೇ ಇರಲಿ.

7. ತೊಳೆದು, ಒಣಗಿಸಿ, ತಕ್ಷಣ ಅಳತೆ ತೆಗೆಯಿರಿ. ಸ್ಕ್ಯಾನರ್‌ನಲ್ಲಿ ಅಳತೆ ತೆಗೆಯುವುದಾದರೆ, ಅದು ತನಗೆ ಕಂಡದ್ದನ್ನಷ್ಟೇ ದಾಖಲಿಸುತ್ತದೆ. ಪರದೆಯಲ್ಲಿ ಅಂಚಿನ ಗೆರೆ ಎಲ್ಲಾದರೂ ಮಸುಕಾಗಿದ್ದರೆ, ರೋಗಿ ಕುರ್ಚಿಯಲ್ಲಿರುವಾಗಲೇ ಅಷ್ಟು ಜಾಗವನ್ನು ಮತ್ತೆ ಬಿಡಿಸಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ.